ಅನುರಾಧಾ ಓದಿದ ವಾರ್ತೆ

ನಾಸಿಕ ರೋಡಿನ ಕನ್ನಡ ಸಭೆಗೆ ತನ್ನದೆನ್ನುವ ಚರ್ಚ್ ಇಲ್ಲ. ಭಾನುವಾರ ಬೆಳಿಗ್ಗೆ ಮರಾಠಿಯವರ ಆರಾಧನೆ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ, ಅದೇ ಬೆಂಚುಗಳ ಮೇಲೆ ಬೀದರ, ಹುಮನಾಬಾದ, ಆಳಂದ ಕಡೆಯಿಂದ ಬಂದು ನೆಲೆಸಿದ ಮೂವತ್ತು ಮನೆಯವರು ಕೂಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಿರಿಯರಿಗೆ ಕಣ್ಣು ಮಂಜು. ಹೀಗಾಗಿ ದೇವರ ವಾಕ್ಯ ಓದುವ ಕೆಲಸ ಆರು ವರ್ಷದಿಂದ ಅನುರಾಧಾಳ ಪಾಲಿಗೆ ಬಂದಿತ್ತು. ಅವಳದು ತುಂಬಿದ, ಅವಸರವಿಲ್ಲದ ದನಿ. ಅವಳು ಓದಲು ನಿಂತರೆ ತೊಡೆಯ ಮೇಲಿನ ಕೂಸೂ ಸುಮ್ಮನಾಗುತ್ತದೆ ಎಂದು ಸಭೆಯ ಹೆಂಗಸರು ಹೇಳುತ್ತಿದ್ದರು.

ವಾರದ ಉಳಿದ ದಿನ ಅದೇ ದನಿಯಲ್ಲಿ ಅವಳು ಮರಾಠಿ ವಾರ್ತೆ ಓದುತ್ತಿದ್ದಳು. ‘ಗೋದಾತೀರ’ ಎನ್ನುವ ಆ ಚಾನೆಲ್ ದೊಡ್ಡದೇನಲ್ಲ. ಕಾಲೇಜ್ ರೋಡಿನ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಹಸಿರು ಪರದೆ, ಆರು ಜನ. ಊರಿನ ಕೇಬಲ್ಲಿನಲ್ಲೂ ಮೊಬೈಲಿನಲ್ಲೂ ಬರುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಶೇರು ಪೇಟೆಯ ಐದು ನಿಮಿಷದ ಸುದ್ದಿ ಅವಳದು. ಶೇರಿನ ವಿಷಯ ಅವಳಿಗೆ ಅಷ್ಟಕ್ಕಷ್ಟೆ. ಅವಳ ಉಳಿತಾಯವೆಲ್ಲ ಪೋಸ್ಟ್ ಆಫೀಸಿನಲ್ಲಿತ್ತು. ಸಂಪಾದಕ ಅತುಲ್ ಬರೆದು ಕೊಟ್ಟದ್ದನ್ನು ಓದುತ್ತಿದ್ದಳು, ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದಳು.

ನವೆಂಬರಿನಲ್ಲಿ ಅತುಲ್ ಹೊಸ ಹಾಳೆಯೊಂದನ್ನು ಕೊಟ್ಟ. ಚಾಂದವಡ್ ಹತ್ತಿರದ ಕಂಪನಿಯೊಂದು ಈರುಳ್ಳಿ ಒಣಗಿಸಿ, ಪುಡಿ ಮಾಡಿ ಪರದೇಶಕ್ಕೆ ಕಳಿಸುತ್ತದೆ. ಕೈತುಂಬ ಆರ್ಡರು ಬಂದಿದೆ. ಈಗ ಇಪ್ಪತ್ತೆರಡು ರೂಪಾಯಿ ಇರುವ ಅದರ ಶೇರು ಬೇಸಿಗೆಯೊಳಗೆ ನೂರು ದಾಟುತ್ತದೆಂದು ತಿಳಿದವರು ಹೇಳುತ್ತಿದ್ದಾರೆ. ತಿಳಿದವರು ಯಾರೆಂದು ಹಾಳೆಯಲ್ಲಿ ಇರಲಿಲ್ಲ. ಅನುರಾಧಾ ಕೇಳಿದಾಗ ಅತುಲ್ ಮುಚ್ಚಿಡಲಿಲ್ಲ. ಕಂಪನಿಯವರು ದುಡ್ಡು ಕೊಟ್ಟಿದ್ದಾರೆ, ಎಲ್ಲರ ನಿಂತುಹೋದ ಪಗಾರ ಅದರಿಂದಲೇ ಆಗಬೇಕು ಎಂದ. ಹಾಗಿದ್ದರೆ ಮೂಲೆಯಲ್ಲಿ ‘ಜಾಹೀರಾತು’ ಎಂದು ಹಾಕಬೇಕಲ್ಲ ಎಂದಳು. ಹಾಕಿದರೆ ಅವರು ಕೊಡುವುದಿಲ್ಲ ಎಂದು ಅತುಲ್ ಮೊಬೈಲ್ ತೆಗೆದುಕೊಂಡು ಹೊರಗೆ ಹೋದ.

ಅದೇ ವಾರ ಕ್ಯಾಮೆರಾದ ಸಮೀರ ಆ ಕಾರ್ಖಾನೆಯ ಚಿತ್ರ ತೆಗೆದುಕೊಂಡು ಬಂದ. ತಗಡಿನ ಶೆಡ್ಡು, ಒಳಗೆ ಎರಡು ಮಷೀನು, ಅದರಲ್ಲಿ ಒಂದಕ್ಕೆ ಕರೆಂಟಿನ ವೈರೇ ಇಲ್ಲ. ತೋರಿಸಲಿಕ್ಕೆಂದು ಯಾರೋ ರೈತನ ಟ್ರ್ಯಾಕ್ಟರಿನಲ್ಲಿ ಈರುಳ್ಳಿ ತರಿಸಿದ್ದರಂತೆ. ಚಿತ್ರ ತೆಗೆದದ್ದೇ ತಡ, ಟ್ರ್ಯಾಕ್ಟರ್ ತುಂಬಿದ್ದು ತುಂಬಿದ ಹಾಗೆಯೇ ಮಂಡಿಗೆ ಹೊರಟುಹೋಯಿತಂತೆ. ಸಮೀರ ಇದನ್ನು ಚಹಾ ಕುಡಿಯುತ್ತ ನಗುತ್ತ ಹೇಳಿದ. ಅನುರಾಧಾಳೂ ನಕ್ಕಳು. ಒಂದು ಗಂಟೆಗೆ ಹೋಗಿ ಓದಿದಳು. ಮರುದಿನವೂ ಓದಿದಳು, ಅದರ ಮರುದಿನವೂ.

ಡಿಸೆಂಬರಿನ ಎರಡನೆಯ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದಾಗ ಸಾಯಬಣ್ಣ ಪೇಢೆಯ ಡಬ್ಬಿ ಹಿಡಿದು ನಿಂತಿದ್ದರು. ಅವರಿಗೆ ಎಪ್ಪತ್ತರ ಹತ್ತಿರ. ದೇವಳಾಲಿ ಕ್ಯಾಂಪಿನಲ್ಲಿ ಮಿಲಿಟರಿ ಕ್ವಾರ್ಟರ್ಸುಗಳ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಶೇರಿನ ಹುಚ್ಚು ಇಪ್ಪತ್ತು ವರ್ಷದ್ದು, ಆದರೆ ಅದು ಬಹಳ ಎಚ್ಚರದ ಹುಚ್ಚು. ಪೇಪರಿನ ಶೇರು ಪುಟವನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು, ಒಂದು ಕಂಪನಿಯನ್ನು ವರ್ಷಗಟ್ಟಲೆ ನೋಡಿದ ಮೇಲೆ ನಾಲ್ಕು ಶೇರು ಕೊಳ್ಳುತ್ತಿದ್ದರು. ಟಿವಿಯವರ ಮಾತಿಗೆ ಎಂದೂ ಕೊಂಡವರಲ್ಲ.

“ಬಾಯಿ ಸಿಹಿ ಮಾಡ್ಕೋ ಅವ್ವಾ,” ಎಂದರು. “ನೀ ಓದಿದ ಈರುಳ್ಳಿ ಕಂಪನಿ ತೊಗೊಂಡೆ. ಇಪ್ಪತ್ತಾರಕ್ಕ ತೊಗೊಂಡಿದ್ದು ಈಗ ನಲವತ್ತೊಂದು ಅದ. ಜಗದೇವಿಗೂ ತೊಗೊ ಅಂದೀನಿ.”

ಜಗದೇವಿ ಅವರ ಮಗಳು, ಸಂಭಾಜಿನಗರದಲ್ಲಿ ನರ್ಸು. ಅನುರಾಧಾಳ ಕೈಯಲ್ಲಿ ಪೇಢೆ ಇತ್ತು. ಸುತ್ತ ಐದಾರು ಜನ ಇದ್ದರು. ಒಬ್ಬರು ಕಂಪನಿಯ ಹೆಸರು ಕೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದರು. ಇವತ್ತೇ, ನಾಳೆಯೇ ಮಾರಿಬಿಡಿ ಎಂದು ಸಾಯಬಣ್ಣನವರನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ಹೇಳಿದರೆ ಮತ್ತೆ ನೀನೇಕೆ ಓದಿದೆ ಎಂದು ಕೇಳುತ್ತಾರೆ. ಅವಳು ಪೇಢೆ ಬಾಯಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಕ್ರಿಸ್‌ಮಸ್ ಹೊತ್ತಿಗೆ ಶೇರು ಐವತ್ತು ದಾಟಿತು. ಹೊಸ ವರ್ಷದ ಎರಡನೆಯ ವಾರದಲ್ಲಿ ಇಳಿಯಿತು. ಇಳಿದದ್ದು ಸಾಮಾನ್ಯವಾಗಿ ಶೇರುಗಳು ಇಳಿಯುವ ಹಾಗೆ ಅಲ್ಲ. ಬೆಳಿಗ್ಗೆ ಪೇಟೆ ತೆರೆದ ಕ್ಷಣಕ್ಕೇ ನೂರಕ್ಕೆ ಐದು ಬಿದ್ದು, ದಿನಕ್ಕೆ ಬೀಳಬಹುದಾದದ್ದು ಅಷ್ಟೇ ಎಂಬ ನಿಯಮಕ್ಕೆ, ಅಲ್ಲೇ ಬಾಗಿಲು ಹಾಕಿಕೊಂಡಂತೆ ನಿಲ್ಲುತ್ತಿತ್ತು. ಮಾರುವವರು ಸಾವಿರಾರು ಜನ, ಕೊಳ್ಳುವವರು ಒಬ್ಬರೂ ಇಲ್ಲ. ಮರುದಿನ ಮತ್ತೆ ಐದು. ಕಂಪನಿ ನಡೆಸುವವರು ತಮ್ಮ ಶೇರುಗಳನ್ನು ಮೇಲಿದ್ದಾಗಲೇ ಮಾರಿಕೊಂಡಿದ್ದರು. ‘ಗೋದಾತೀರ’ದಲ್ಲಿ ಆ ಹೆಸರು ಮತ್ತೆ ಬರಲಿಲ್ಲ. ಅನುರಾಧಾ ಈಗ ಬೇರೆ ಕಂಪನಿಗಳ ಸುದ್ದಿ ಓದುತ್ತಿದ್ದಳು.

ಅವಳಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಒಂದು ಶೇರೂ ಇಲ್ಲದವಳು ಮೊಬೈಲಿನಲ್ಲಿ ಶೇರಿನ ಆ್ಯಪ್ ಹಾಕಿಕೊಂಡಳು. ಪೇಟೆ ತೆರೆಯುವ ಒಂಬತ್ತೂ ಕಾಲಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅದನ್ನು ತೆರೆದು ನೋಡುತ್ತಿದ್ದಳು. ಮೂವತ್ತೆಂಟು. ಮೂವತ್ತಾರು. ಬಸ್ಸಿನಲ್ಲಿ ಎರಡು ಸಲ ತನ್ನ ಸ್ಟಾಪು ದಾಟಿಹೋದಳು. ಸಾಯಬಣ್ಣ ಕ್ರಿಸ್‌ಮಸ್ ಮುಗಿಸಿಕೊಂಡು ಮಗಳ ಮನೆಗೆ ಹೋದವರು ತಿರುಗಿ ಬಂದಿರಲಿಲ್ಲ. ಭಾನುವಾರ ವಾಕ್ಯ ಓದಲು ನಿಂತಾಗ ಅವಳ ಕಣ್ಣು ಅವರು ಕೂಡುತ್ತಿದ್ದ ಕಿಟಕಿ ಬದಿಯ ಜಾಗಕ್ಕೇ ಹೋಗುತ್ತಿತ್ತು. ಒಮ್ಮೆ ಓದಿದ ಸಾಲನ್ನೇ ಮತ್ತೆ ಓದಿದಳು. ಯಾರೂ ಗಮನಿಸಲಿಲ್ಲ, ಅಥವಾ ಗಮನಿಸಿದರೂ ಹೇಳಲಿಲ್ಲ.

ಗಂಡ ಅಮರ ದಿಂಡೋರಿಯ ಒಂದು ವೈನರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವಳು ಎಲ್ಲ ಹೇಳಿದಾಗ, ನೀನು ಕೊಟ್ಟದ್ದನ್ನು ಓದಿದೆ, ಕೊಳ್ಳಿ ಎಂದು ಯಾರ ಕೈಯನ್ನೂ ಹಿಡಿದು ಎಳೆಯಲಿಲ್ಲ, ಶೇರಿಗೆ ಇಳಿದವರಿಗೆ ಏರಿಳಿತ ಗೊತ್ತಿರಬೇಕು ಎಂದ. ಅದು ಸುಳ್ಳೂ ಅಲ್ಲ. ಸ್ವಲ್ಪ ಹೊತ್ತು ಅವಳಿಗೆ ಹಗುರಾಯಿತು. ಪಾತ್ರೆ ತೊಳೆಯಲು ನಿಂತಾಗ ಮತ್ತೆ ಆ ಪೇಢೆ ನೆನಪಾಯಿತು. ಪ್ರಾರ್ಥನೆಗೆ ಕೂತರೂ ಬೇರೆ ಮಾತು ಬರುತ್ತಿರಲಿಲ್ಲ. ಕರ್ತನೇ, ಆ ಶೇರು ಏರಲಿ ಎಂದು ಬೇಡುತ್ತಿದ್ದಳು. ಬೇಡಿದ ಮೇಲೆ ತನ್ನ ಬೇಡಿಕೆಗೆ ತಾನೇ ನಾಚಿಕೊಳ್ಳುತ್ತಿದ್ದಳು.

ಫೆಬ್ರುವರಿಯ ಒಂದು ಶನಿವಾರ ರಜೆ ಹಾಕಿ ಸಂಭಾಜಿನಗರಕ್ಕೆ ಹೋಗುವ ತಪೋವನ ಎಕ್ಸ್‌ಪ್ರೆಸ್ ಹತ್ತಿದಳು. ಅಮರನಿಗೆ ಬೆಳಿಗ್ಗೆ ಹೊರಡುವಾಗ ಹೇಳಿದಳು, ಅವನು ತಡೆಯಲಿಲ್ಲ. ಮನಮಾಡಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಳಿದು ಪ್ಲಾಟ್‌ಫಾರ್ಮಿನ ಆ ತುದಿಯವರೆಗೆ ನಡೆದು ಬಂದಳು. ಎದುರಿನ ಗಾಡಿ ನಾಸಿಕಕ್ಕೆ ಹೋಗುವುದಿತ್ತು. ಅದನ್ನು ಹತ್ತಿಬಿಡಲೇ ಎಂದು ನೋಡುತ್ತ ನಿಂತಿದ್ದಾಗ ಅದು ಹೊರಟುಹೋಯಿತು, ಇವಳು ತನ್ನ ಡಬ್ಬಿಗೆ ಬಂದು ಕೂತಳು.

ಜಗದೇವಿಯ ಮನೆ ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ, ಎರಡು ಕೋಣೆಯದು. ಆಕೆ ಬೆಳಗಿನ ಪಾಳಿ ಮುಗಿಸಿ ಬಂದು ಅನ್ನಕ್ಕೆ ಇಟ್ಟಿದ್ದಳು. ಸಾಯಬಣ್ಣ ಅನುರಾಧಾಳನ್ನು ಕಂಡು ನಿಜವಾಗಿ ಸಂತೋಷಪಟ್ಟರು. ಸಭೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಊಟಕ್ಕೆ ಕೂತಾಗ ತಾವೇ ಆ ಮಾತು ತೆಗೆದರು. ಶೇರು ಹದಿನೇಳಕ್ಕೆ ಬಂದಿದೆ, ಆದರೂ ತಾವು ಮಾರುವುದಿಲ್ಲ, ಇದು ಯಾರದೋ ಕಿತಾಪತಿ, ಬೇಸಿಗೆಗೆ ಹೊಸ ಈರುಳ್ಳಿ ಬಂದ ಮೇಲೆ ನೋಡು ಎಂದರು. ಜಗದೇವಿ ತನ್ನ ತಾಟಿನಿಂದ ತಲೆ ಎತ್ತಲಿಲ್ಲ. ಅವಳೂ ಎರಡು ತಿಂಗಳ ಪಗಾರ ಹಾಕಿದ್ದಳು.

ಅನುರಾಧಾ ಅನ್ನ ಕಲಸುವುದನ್ನು ನಿಲ್ಲಿಸಿದಳು.

“ಕಾಕಾ, ಆ ಸುದ್ದಿ ಕಂಪನಿಯವ್ರು ರೊಕ್ಕಾ ಕೊಟ್ಟು ಓದಿಸಿದ್ದರಿ. ಜಾಹೀರಾತು ಅಂತ ಹಾಕಬೇಕಾಗಿತ್ತು, ಹಾಕಲಿಲ್ಲ. ಅಲ್ಲಿ ಕಾರ್ಖಾನಿ ಅನ್ನೂವಂಥಾದ್ದೂ ಏನಿಲ್ಲ.”

ಸಾಯಬಣ್ಣ ಅವಳನ್ನೇ ನೋಡಿದರು. “ನಿನಗ ಯಾವಾಗ ತಿಳೀತು?”

“ಓದೂಕಿಂತ ಮೊದಲ ಗೊತ್ತಿತ್ತರಿ.”

“ಚರ್ಚ್ ಹೊರಗ ನಾ ಹೇಳಿದೆನಲ್ಲ ನಿನಗ. ಆವತ್ತು?”

“ಆವತ್ತೂ ಗೊತ್ತಿತ್ತು.”

ಸಾಯಬಣ್ಣ ತಾಟಿನಲ್ಲಿದ್ದ ಅನ್ನ ಮುಗಿಸಿದರು, ನಿಧಾನವಾಗಿ, ಒಂದು ಅಗುಳೂ ಬಿಡದೆ. ಕೈ ತೊಳೆದು ಒಳಕೋಣೆಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅನುರಾಧಾ ಎಂಜಲು ಕೈಯಲ್ಲೇ ಕೂತಿದ್ದಳು. ಬೈದಿದ್ದರೆ ಆಗುತ್ತಿತ್ತು ಎನಿಸಿತು. ಬೈಗುಳಕ್ಕೆ ಏನು ಹೇಳಬೇಕೆಂದು ರೈಲಿನಲ್ಲಿ ಅವಳು ಸಿದ್ಧ ಮಾಡಿಕೊಂಡು ಬಂದಿದ್ದಳು.

ಜಗದೇವಿ ತಾಟುಗಳನ್ನು ಎತ್ತಿಟ್ಟು ಬಂದು ಎದುರಿಗೆ ಕೂತಳು. ತಂದೆಯ ಹಾಗೆ ಅವಳೂ ಹೆಚ್ಚು ಮಾತಿನವಳಲ್ಲ. ಆ ವಾರ್ತೆಯ ವಿಡಿಯೋ ತನ್ನ ಮೊಬೈಲಿನಲ್ಲಿದೆ, ಶೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿಗೆ ದೂರು ಬರೆದಿದ್ದೇನೆ, ಆದರೆ ದುಡ್ಡು ಕೊಟ್ಟು ಓದಿಸಿದರು ಎನ್ನುವುದಕ್ಕೆ ತನ್ನ ಬಳಿ ಸಾಕ್ಷಿ ಇಲ್ಲ ಎಂದಳು.

“ಈಗ ಹೇಳಿದ್ದು ಬರದು ಕೊಡ್ತಿಯೇನು? ಹೆಸರು ಹಾಕಿ, ಸಹಿ ಮಾಡಿ?”

ಬರೆದರೆ ಕೆಲಸ ಹೋಗುತ್ತದೆ ಎಂದು ಅನುರಾಧಾ ಹೇಳಿದಳು. ಹೋಗಬಹುದು ಎಂದು ಜಗದೇವಿ ಒಪ್ಪಿದಳು. ಹೊರಗೆ ಯಾರೋ ಕುಕ್ಕರ್ ರಿಪೇರಿ ಎಂದು ಕೂಗುತ್ತ ಹೋದರು. ಅನುರಾಧಾ ಎದ್ದು ಕೈ ತೊಳೆದು ಬಂದು ಕಾಗದ ಕೇಳಿದಳು. ಮರಾಠಿಯಲ್ಲಿ ಎರಡು ಪುಟ ಬರೆದಳು. ಅತುಲ್ ಹೇಳಿದ್ದು, ಸಮೀರ ಹೇಳಿದ್ದು, ತಾನು ಓದಿದ್ದು. ಸಮೀರನ ಹೆಸರು ಬರೆದು ಹೊಡೆದುಹಾಕಿದಳು, ಆಮೇಲೆ ಅದನ್ನೇ ಮೇಲೆ ಮತ್ತೆ ಬರೆದಳು. ಪೇಢೆ ತಿಂದ ದಿನದ್ದನ್ನೂ ಬರೆದಳು. ದೂರಿಗೆ ಅದು ಬೇಕಾಗಿರಲಿಲ್ಲ.

ಈ ಮನೆಗಳಲ್ಲಿ ಬಂದವರು ಹೊರಟಾಗ ಹಿರಿಯರು ನಿಂತು ನಾಲ್ಕು ಮಾತಿನ ಪ್ರಾರ್ಥನೆ ಮಾಡಿ ಕಳಿಸುವುದು ವಾಡಿಕೆ. ಜಗದೇವಿ ಒಳಗೆ ಹೋಗಿ, ಅನುರಾಧಾ ಹೊಂಟಾಳಪ್ಪಾ ಎಂದು ಕರೆದಳು. ಸಾಯಬಣ್ಣ ಎದ್ದು ಬಾಗಿಲವರೆಗೆ ಬಂದರು.

“ಇವತ್ತು ನನ್ನಿಂದ ಆಗಂಗಿಲ್ಲ,” ಎಂದರು. “ನೀ ಮಾಡಿ ಕಳಸು ಜಗದೇವಿ.”

ಜಗದೇವಿ ಮಾಡಿದಳು. ದಾರಿ ಸುಖವಾಗಿರಲಿ ಎಂದಷ್ಟೇ ಬೇಡಿದಳು. ಸಾಯಬಣ್ಣ ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಆಮೆನ್ ಎಂದರೋ ಇಲ್ಲವೋ ಅನುರಾಧಾಳಿಗೆ ಕೇಳಿಸಲಿಲ್ಲ.

ಸೋಮವಾರ ಅವಳೇ ಅತುಲ್‌ಗೆ ಕಾಗದದ ವಿಷಯ ಹೇಳಿದಳು. ಅವನು ಕೂಗಾಡಲಿಲ್ಲ. ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಎರಡು ಸಲ ಕೇಳಿದ. ಆರು ಮನೆಗಳ ಒಲೆ ಉರಿಯುವುದು ಈ ಚಾನೆಲ್ಲಿನಿಂದ ಎಂದು ನೆನಪಿಸಿದ. ಆಮೇಲೆ ನಾಳೆಯಿಂದ ಬರುವುದು ಬೇಡ ಎಂದ. ಸಮೀರ ಮೆಟ್ಟಿಲಲ್ಲಿ ಸಿಕ್ಕವನು ಮುಖ ತಿರುಗಿಸಿ ದಾಟಿಹೋದ, ಅದರಿಂದ ಅವಳಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ಆ ಭಾನುವಾರ ಪಾಸ್ಟರಿಗೂ ಎಲ್ಲ ತಿಳಿಸಿ, ಕೆಲವು ದಿನ ವಾಕ್ಯ ಬೇರೆಯವರು ಓದಲಿ ಎಂದಳು. ಪಾಸ್ಟರು ಯೋಚಿಸಿ ಒಪ್ಪಿದರು. ಸಭೆಯವರೇ ಆದ ಅಂಗಡಿಯ ಚನಬಸಪ್ಪನವರ ಸೊಸೆ ತಡವರಿಸುತ್ತ ಓದತೊಡಗಿದಳು.

ಮಾರ್ಚಿನಲ್ಲಿ ಆ ಶೇರಿಗೆ ಕೊಳ್ಳುವವರು ಸಿಕ್ಕರು, ಆರು ರೂಪಾಯಿಗೆ. ಸಾಯಬಣ್ಣನವರೂ ಜಗದೇವಿಯೂ ಅಷ್ಟಕ್ಕೇ ಮಾರಿದರೆಂದು ಅಮರನಿಗೆ ಯಾರೋ ಹೇಳಿದರು. ಅನುರಾಧಾ ಒಂದು ಟ್ಯೂಶನ್ ಕ್ಲಾಸಿನಲ್ಲಿ ಮರಾಠಿ ಕಲಿಸಲು ಸೇರಿದಳು. ಪಗಾರ ಅರ್ಧ. ಶೇರಿನ ಆ್ಯಪ್ ಅಳಿಸಿದಳು, ಆದರೂ ಒಂಬತ್ತೂ ಕಾಲಿಗೆ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತಿತ್ತು.

ಮೇ ತಿಂಗಳ ಕೊನೆಯ ಭಾನುವಾರ ಸಾಯಬಣ್ಣ ಆರಾಧನೆಗೆ ಬಂದರು. ಸ್ವಲ್ಪ ಇಳಿದುಹೋಗಿದ್ದರು. ಮುಗಿದ ಮೇಲೆ ಅವರೇ ಅವಳ ಕಡೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಫೈಲು ಇತ್ತು, ಒಳಗೆ ಅವಳ ಕಾಗದದ ಜೆರಾಕ್ಸು.

ಸೆಬಿಯವರು ಪತ್ರ ಕಳಿಸಿದ್ದಾರೆ, ಜುಲೈಯಲ್ಲಿ ವಿಡಿಯೋ ಕರೆಯಲ್ಲಿ ಅವಳನ್ನೂ ಜಗದೇವಿಯನ್ನೂ ವಿಚಾರಿಸುತ್ತಾರಂತೆ ಎಂದು ಹೇಳಿದರು. ಹಣ ವಾಪಸು ಬರುವ ಆಸೆ ತಮಗಿಲ್ಲ, ಆದರೆ ಬರೆದದ್ದು ಸರಿಯಾಗಿರಬೇಕು ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಎರಡನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಎರಡು ವಾರ ದಿನಾ ಓದೀನಿ ಅಂತ ಬರದಿ. ತಪ್ಪು ಅದ. ನಾ ದಿನಾ ನೋಡೀನಿ. ಪ್ಯಾಟಿ ತೆರೆದಿದ್ದ ಹತ್ತು ದಿನದಾಗ ಒಂಬತ್ತು ದಿನ ನೀ ಓದಿದಿ, ನಡುವ ಒಂದಿನ ಬ್ಯಾರೆ ಹುಡುಗಿ ಓದ್ಯಾಳ. ಅಕಿದು ನಿನ್ನ ಮ್ಯಾಲ ಹಾಕ್ಕೋಬ್ಯಾಡ.”

ಇಬ್ಬರೂ ಕಾಂಪೌಂಡಿನ ಕಟ್ಟೆಯ ಮೇಲೆ ಕೂತರು. ಅವಳು ಮೊಬೈಲಿನಲ್ಲಿ ನವೆಂಬರಿನ ಕ್ಯಾಲೆಂಡರ್ ತೆಗೆದಳು, ಅವರು ಒಂದೊಂದೇ ತಾರೀಖು ಹೇಳುತ್ತ ಹೋದರು. ಅವರದೇ ಸರಿ ಇತ್ತು. ತಿದ್ದಿ ಬೇರೆ ಕಾಗದ ಬರೆಯುತ್ತೇನೆ ಎಂದು ಅವಳು ಹೇಳಿದಳು. ಸಾಯಬಣ್ಣ ಫೈಲು ಅವಳ ಕೈಗೆ ಕೊಟ್ಟು, ಬುಧವಾರದೊಳಗೆ ಜಗದೇವಿಗೆ ಕಳಿಸು, ಅವಳಿಗೆ ಗುರುವಾರ ರಜೆ ಇದೆ, ಅವತ್ತೇ ಸೆಬಿಗೆ ಹಾಕುತ್ತಾಳೆ ಎಂದು ಹೇಳಿ, ದೇವಳಾಲಿಯ ಬಸ್ಸು ಬಂದದ್ದನ್ನು ನೋಡಿ ಎದ್ದು ಹೋದರು.