ಬೆನ್ನಿನ ಮಣ್ಣು

ಶಿರಂಗಾಲದ ಪೈಲ್ವಾನ್ ಜವರಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಕೋಪವನ್ನು ಹನ್ನೆರಡು ವರ್ಷ ಹಾಲು ಮೊಟ್ಟೆ ಹಾಕಿ ಸಾಕಿದವರು ಊರವರೇ. ಅಖಾಡದಲ್ಲಿ ಅವನು ಕಣ್ಣು ಕೆಂಪಗೆ ಮಾಡಿಕೊಂಡು ತೊಡೆ ತಟ್ಟಿದರೆ ಶಿಳ್ಳೆ ಹೊಡೆದು ಕುಣಿಯುತ್ತಿದ್ದವರೂ ಅವರೇ. ಅದೇ ಕೋಪ ಒಂದು ಭಾನುವಾರ ತಮ್ಮ ಕಡೆಗೆ ತಿರುಗಿದಾಗ ಮಾತ್ರ ಅವರಿಗೆ ಅದು ದುರಹಂಕಾರವಾಗಿ ಕಂಡಿತು. ಜನ ಎಂದರೆ ಹೀಗೇ, ಏನು ಮಾಡಲಾದೀತು.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಫ್ರೇಜರ್‌ಪೇಟೆಯ ಹೊಳೆ ದಾಟಿದರೆ ಮೈಸೂರು ಸೀಮೆ. ಹೊಳೆಯ ಈಚೆಗಿನ ಮೈದಾನದಲ್ಲಿ ಸುತ್ತ ಬಿದಿರಿನ ತಟ್ಟಿ ಕಟ್ಟಿ, ಟಿಕೆಟ್ಟಿಟ್ಟು, ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿ ಅಖಾಡ ಸಿದ್ಧಪಡಿಸಿದ್ದರು. ಎದುರಾಳಿ ಹುಣಸೂರಿನವನು. ಜವರಯ್ಯನಿಗೆ ಮೂವತ್ತೆಂಟು, ಅವನಿಗೆ ಇಪ್ಪತ್ತೆರಡು. ಶಿರಂಗಾಲದಿಂದ ಒಂದು ಲಾರಿ ತುಂಬ ಜನ ಬಂದಿದ್ದರು. ಲಾರಿಯ ಮುಂದೆ ಹಾರ ಹಾಕಿಸಿದ್ದವನು ಹೋಟೆಲಿನ ಸಾಂತಪ್ಪ.

ಈ ಸಾಂತಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಜವರಯ್ಯನ ಮೊದಲ ಕುಸ್ತಿಯಿಂದ ಒಂದನ್ನೂ ತಪ್ಪಿಸಿದವನಲ್ಲ. ಗೆದ್ದರೆ ಹೆಗಲ ಮೇಲೆ ಹೊತ್ತು ಕುಣಿಯುವುದು, ಪಟ್ಟು ತಪ್ಪಿದರೆ ಅಲ್ಲೇ ನಿಂತು ಬಾಯಿಗೆ ಬಂದಂತೆ ಬೈಯುವುದು, ಅವನಿಗೆ ಗೊತ್ತಿದ್ದದ್ದು ಇವೆರಡೇ. ನಯವಾಗಿ ಮಾತಾಡಿದ್ದನ್ನು ಜವರಯ್ಯ ಒಂದು ದಿನವೂ ಕೇಳಿರಲಿಲ್ಲ.

ಕುಸ್ತಿಯಲ್ಲಿ ಸೋಲೆಂದರೆ ಎರಡೂ ಭುಜದ ಹಿಂಭಾಗ ಒಟ್ಟಿಗೆ ನೆಲಕ್ಕೆ ತಾಗುವುದು. ಎದೆ ಹೊಟ್ಟೆ ತೊಡೆ ಮಣ್ಣಾದರೆ ಯಾರೂ ಕೇಳುವುದಿಲ್ಲ. ಬೆನ್ನಿಗೆ ಮಣ್ಣು ಹತ್ತಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಜವರಯ್ಯನ ಬೆನ್ನಿಗೆ ಹನ್ನೆರಡು ವರ್ಷದಲ್ಲಿ ಹತ್ತಿರಲಿಲ್ಲ. ಆ ಭಾನುವಾರ ಹುಣಸೂರಿನ ಹುಡುಗ ಕಾಲಿಗೆ ಕಾಲು ಕೊಟ್ಟು ಎತ್ತಿ ಬೀಳಿಸಿದ. ಎಡ ಭುಜ ದಪ್ಪನೆ ನೆಲಕ್ಕೆ ಹೋಯಿತು. ಬಲ ಭುಜವನ್ನು ಜವರಯ್ಯ ನೆಲಕ್ಕೆ ಬಿಡಲಿಲ್ಲ. ಕತ್ತಿನ ನರಗಳೆಲ್ಲ ಹರಿದು ಹೋಗುತ್ತವೇನೋ ಎನ್ನುವಷ್ಟು ಬಿಗಿಹಿಡಿದು ಎತ್ತಿಕೊಂಡೇ ಇದ್ದ. ತೀರ್ಪು ಕೊಡಲು ನಿಂತಿದ್ದ ರಿಟೈರ್ಡ್ ಸುಬೇದಾರ್ ಕುಶಾಲಪ್ಪ ತನ್ನ ಬಿಳಿ ಪ್ಯಾಂಟು ಕೊಳೆಯಾಗುವುದನ್ನೂ ನೋಡದೆ ಮಣ್ಣಿನಲ್ಲಿ ಮಲಗಿ, ಆ ಭುಜದ ಕೆಳಗೆ ತನ್ನ ಅಂಗೈ ತೂರಿಸಿ ನೋಡಿದ. ಅಂಗೈ ಸರಾಗವಾಗಿ ಹೋಯಿತು. ಅದನ್ನು ಜವರಯ್ಯ ತನ್ನ ಚರ್ಮದಲ್ಲೇ ತಿಳಿದ. ಅಷ್ಟರಲ್ಲಿ ಹೊತ್ತು ಮುಗಿದು, ಕುಶಾಲಪ್ಪ ಸೀಟಿ ಊದಿ ಸಮ ಸಮ ಎಂದು ಸಾರಿದ.

ಶಿರಂಗಾಲದವರು ಕೂತಿದ್ದದ್ದು ಎಡಗಡೆಗೆ. ಅವರಿಗೆ ಕಂಡದ್ದು ನೆಲಕ್ಕೆ ಬಿದ್ದ ಎಡ ಭುಜ, ಅದರ ಮೇಲೆ ಹುಣಸೂರಿನವನ ಗುಡ್ಡದಂಥ ಮೈ. ಬಲಗಡೆ ಅವರಿಗೆ ಕಾಣುವಂತೆಯೇ ಇರಲಿಲ್ಲ. ಅಂಪೈರನ ಸೆರಗು ಹಿಡಿದು ಉಳಿದುಕೊಂಡ ಎಂದು ಯಾರೋ ಕೂಗಿದರು. ಇನ್ನು ಹತ್ತು ಜನ ಅದನ್ನೇ ಕೂಗಿದರು. ಸಾಂತಪ್ಪ ಹಗ್ಗದವರೆಗೂ ನುಗ್ಗಿ ಬಂದ.

"ಬಿದ್ದೋನು ಬಿದ್ದೆ ಅಂತ ಒಪ್ಕಳ್ಳಾ ಜವರ. ಬೆನ್ನು ತೋರ್ಸು ಇತ್ತಗೆ."

ಆಗ ಒಂದು ಸುತ್ತು ತಿರುಗಿ ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಭುಜ ಕೆಂಪು, ಇನ್ನೊಂದು ಚೊಕ್ಕ, ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಜವರಯ್ಯ ತಿರುಗಲಿಲ್ಲ. ಹೆರವರು ಕೇಳಿದ್ದರೆ ತೋರಿಸುತ್ತಿದ್ದನೋ ಏನೋ. ಕೇಳಿದವರು ತನ್ನವರು. ಅವನು ಮೂಲೆಯಲ್ಲಿದ್ದ ಅಂಗಿಯನ್ನು ಎಳೆದುಕೊಂಡು, ಬೆವರು ಸುರಿಯುವ ಮೈಗೆ ಹಾಗೇ ಏರಿಸಿಕೊಂಡ.

"ಕೇಳ್ದೋರ್ಗೆಲ್ಲ ತಿರುಗಿ ಬೆನ್ನು ತೋರ್ಸಕ್ಕೆ ನಾನೇನು ಸಂತೆ ಎತ್ತಾ?"

ಅಷ್ಟಕ್ಕೇ ನಿಲ್ಲಲಿಲ್ಲ. ಬೀಡಿ ಸೇದಿಕೊಂಡು ಕೂತು ನೋಡುವವರಿಗೆ ಕತ್ತು ಮುರಿಯುವ ನೋವು ಏನು ಗೊತ್ತು ಎಂದ. ಒಬ್ಬೊಬ್ಬರಾಗಿ ಇಳಿಯಿರಿ, ನಿಮ್ಮೆಲ್ಲರ ಬೆನ್ನಿಗೂ ಮಣ್ಣು ಮೆತ್ತಿ ಕಳಿಸುತ್ತೇನೆ ಎಂದ. ಹೊರಗೆ ಬಂದು, ಲಾರಿಗೆ ಸಾಂತಪ್ಪ ಹಾಕಿಸಿದ್ದ ಹಾರವನ್ನು ಕಿತ್ತು ಅವನ ಕಾಲ ಬಳಿ ಎಸೆದ. ಲಾರಿ ಅವನನ್ನು ಬಿಟ್ಟು ಹೊರಟುಹೋಯಿತು. ಹೆಬ್ಬಾಲೆಯವರೆಗೆ ಯಾರದೋ ಗಾಡಿ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಬಿಸಿಲಿನಲ್ಲಿ, ಬಟ್ಟೆಯ ಗಂಟನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಮನಸ್ಸಿನಲ್ಲೇ ಎಲ್ಲರಿಗೂ ಬೈಯುತ್ತ ನಡೆದ.

ಮನೆಗೆ ಬಂದಾಗ ಹೆಂಡತಿ ಕಾಳಮ್ಮ ಹಂಡೆ ನೀರು ಕಾಯಿಸಿಟ್ಟಿದ್ದಳು. ಲಾರಿ ಮೊದಲೇ ಬಂದಿತ್ತು. ಸುದ್ದಿಯೂ ಬಂದಿತ್ತು. ಸೀಗೆಪುಡಿ ಕಲಸುತ್ತ, ಗಂಡನ ಮುಖ ನೋಡದೆ ಹೇಳಿದಳು.

"ಲಾರೀಲೇ ಮಾತಾಡ್ಕಂಡವ್ರೆ. ಇನ್ಮೇಕೆ ನಿನ್ನ ಎಸ್ರಿನ ಮುಂದೆ ನಮ್ಮೂರ ಎಸ್ರು ಹಾಕ್ಸದು ಬ್ಯಾಡ ಅಂತ."

ಮುಂದಿನ ತಿಂಗಳು ಮಡಿಕೇರಿಯಲ್ಲಿ ದೊಡ್ಡ ಕುಸ್ತಿ. ಅದರ ಹ್ಯಾಂಡ್‌ಬಿಲ್ಲಿಗೆ ಹೆಸರು ಬರೆದುಕೊಳ್ಳಲು ಕಮಿಟಿಯ ಗುಮಾಸ್ತ ಮಾರನೆಯ ಬೆಳಿಗ್ಗೆಯೇ ಸಾಂತಪ್ಪನ ಹೋಟೆಲಿಗೆ ಬರುವವನಿದ್ದ. ಪೈಲ್ವಾನನನ್ನು ಯಾರೂ ಬರಿಯ ಹೆಸರಿನಿಂದ ಕರೆಯುವುದಿಲ್ಲ. ಹುಣಸೂರಿನವನು, ಪಿರಿಯಾಪಟ್ಟಣದವನು, ಶಿರಂಗಾಲದವನು. ಊರೇ ಕೈಬಿಟ್ಟ ಪೈಲ್ವಾನನನ್ನು ಯಾವ ಅಖಾಡದವರೂ ಕರೆಯುವುದಿಲ್ಲ. ಜವರಯ್ಯನ ಅಜ್ಜ ಹಾಸನದ ಕಡೆಯಿಂದ ಎರಡು ಎತ್ತು ಹೊಡೆದುಕೊಂಡು ಬಂದವನು. ಶಿರಂಗಾಲದವನು ಎನ್ನಿಸಿಕೊಳ್ಳಲು ಆ ಮನೆಗೆ ಎರಡು ತಲೆಮಾರು ಹಿಡಿದಿತ್ತು. ಉಳುವುದನ್ನು ತಮ್ಮನಿಗೆ ಬಿಟ್ಟು ಗರಡಿಮನೆ ಸೇರಿದ ಜವರಯ್ಯನಿಗೆ ಕುಸ್ತಿಯೊಂದನ್ನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆ ಹೆಸರು ಹೋದರೆ ತಾನು ಏನು ಎಂದು ಯೋಚಿಸಲು ಹೋಗಿ, ಆಗದೆ, ಹೊಸ್ತಿಲ ಮೇಲೆ ಕೂತುಬಿಟ್ಟ.

ಆಮೇಲೆ ತಟ್ಟನೆ ಹೊಳೆಯಿತು. ಸಾಕ್ಷಿ ಇನ್ನೂ ಬೆನ್ನ ಮೇಲೇ ಇದೆಯಲ್ಲ. ಎಡಗಡೆ ಮಣ್ಣು, ಬಲಗಡೆ ಇಲ್ಲ. ಆ ಅರಿಶಿನ ಬೆರೆತ ಕೆಮ್ಮಣ್ಣು ಶಿರಂಗಾಲದ ಯಾವ ಹೊಲದಲ್ಲೂ ಸಿಗುವಂಥದ್ದಲ್ಲ. ಸ್ನಾನ ಮಾಡುವುದಿಲ್ಲ ಎಂದುಬಿಟ್ಟ. ಅಂಗಿಯನ್ನಾದರೂ ಬಿಚ್ಚು ಎಂದು ಕಾಳಮ್ಮ ಹತ್ತಿರ ಬಂದರೆ, ಬಟ್ಟೆ ಎಳೆದರೆ ಮಣ್ಣು ಉದುರುತ್ತದೆ, ಮುಟ್ಟಬೇಡ ಎಂದು ಗದರಿದ. ಹಂಡೆಯ ನೀರು ಆರಿತು. ಅವನು ಚಾಪೆಯ ಮೇಲೆ ಬೋರಲು ಮಲಗಿದ. ಮೈಯೆಲ್ಲ ಕಡಿಯುತ್ತಿತ್ತು. ಕೆರೆದುಕೊಳ್ಳಲಿಲ್ಲ.

ಬೆಳಿಗ್ಗೆ ಹೋಟೆಲಿನ ಮುಂದೆ ಮೂವತ್ತು ಜನ ಸೇರಿದ್ದರು. ಗುಮಾಸ್ತ ರಾಮಕೃಷ್ಣ ಬೆಂಚಿನ ತುದಿಯಲ್ಲಿ ಕಾಗದ ಹರಡಿಕೊಂಡು, ಪೆನ್ನು ಹಿಡಿದು ಕಾಯುತ್ತಿದ್ದ. ಜವರಯ್ಯ ಬಂದದ್ದನ್ನು ನೋಡಿ ಜನ ಸರಿದು ದಾರಿ ಬಿಟ್ಟರು. ನಮಸ್ಕಾರವಿಲ್ಲ, ಏನಿಲ್ಲ, ಅವನು ನೇರ ಸಾಂತಪ್ಪನ ಮುಂದೆ ನಿಂತ. ನಿನ್ನೆಯಿಂದ ಸ್ನಾನ ಮಾಡಿಲ್ಲ, ಅನ್ನ ತಿಂದಿಲ್ಲ, ನೀವು ಕೇಳಿದ್ದನ್ನು ತಂದಿದ್ದೇನೆ ಎಂದ. ಅಂಗಿಯನ್ನು ತಲೆಯ ಮೇಲಿಂದ ಎಳೆದು ಬಿಸಾಡಿ, ಬಿಸಿಲಿಗೆ ಬೆನ್ನು ಮಾಡಿ ನಿಂತ.

"ಈಗ ನೋಡು ಸಾಂತಣ್ಣ. ಎಷ್ಟು ಕಡೆ ಐತೆ ಯೋಳು."

ಯಾರೂ ಮಾತಾಡಲಿಲ್ಲ. ಯಾರೋ ಕೆಮ್ಮಿದರು. ರಾಮಕೃಷ್ಣ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಬೆನ್ನು ಅವರ ಕಡೆ ಇದ್ದದ್ದರಿಂದ ಜವರಯ್ಯನಿಗೆ ಇದ್ಯಾವುದೂ ಕಾಣಲಿಲ್ಲ. ಅವನ ಮುಂದೆ ಇದ್ದದ್ದು ಖಾಲಿ ರಸ್ತೆ ಮತ್ತು ಒಂದು ಕೋಳಿ. ಆ ಮೌನ ಮಾತ್ರ ಕೇಳಿಸಿತು. ಅವರಿಗೆ ನಾಚಿಕೆಯಾಗಿದೆ ಎಂದುಕೊಂಡ. ಅದುಮಿಟ್ಟಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಹನ್ನೆರಡು ವರ್ಷ ನಿಮ್ಮ ಊರಿನ ಹೆಸರು ಹೊತ್ತೆ ಎಂದ. ಎಡಗಿವಿ ಒಡೆದು ಗಂಟು ಕಟ್ಟಿತು, ಎರಡು ಬೆರಳು ಮಡಚಲು ಬರುವುದಿಲ್ಲ, ಒಂದು ದಿನವಾದರೂ ನೋವು ಅಂದೆನೇ ಎಂದ. ಹೆರವರು ಉಗಿದರೆ ಒರೆಸಿಕೊಳ್ಳುತ್ತಿದ್ದೆ, ನೀವು ಉಗಿದದ್ದು ಒಣಗುವುದಿಲ್ಲ ಎಂದ. ಕಡೆಕಡೆಗೆ ಅವನ ಬೈಗುಳ ಅಳುವಿನ ಹಾಗೆ ಕೇಳತೊಡಗಿತು.

ಸಾಂತಪ್ಪ ಎದ್ದು ಹತ್ತಿರ ಬಂದದ್ದು ಹೆಜ್ಜೆಯ ಸದ್ದಿನಿಂದ ತಿಳಿಯಿತು. ಬಿದ್ದಿದ್ದ ಅಂಗಿಯನ್ನು ಎತ್ತಿ, ಮಡಚಿ, ಜವರಯ್ಯನ ಕೈಗೆ ಕೊಟ್ಟ.

"ಒಂದೇ ಕಡೆ ಕಣ್ಲಾ," ಎಂದ ಮೆಲ್ಲಗೆ. "ಎಡಗಡೆ ಮಾತ್ರ. ನಾವೇ ಸರಿಯಾಗಿ ನೋಡ್ಲಿಲ್ಲ."

ಹೌದು, ಒಂದೇ ಕಡೆ ಎಂದು ಇನ್ನಿಬ್ಬರು ಸೇರಿಸಿದರು. ರಾಮಕೃಷ್ಣ ಪೆನ್ನು ಎತ್ತಿಕೊಂಡು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದ, ಶಿರಂಗಾಲದ ಪೈಲ್ವಾನ್ ಜವರಯ್ಯ. ಜವರಯ್ಯ ಎದೆ ಸೆಟೆಸಿಕೊಂಡು ಮನೆಗೆ ಬಂದ. ದಾರಿಯಲ್ಲಿ ಸಿಕ್ಕ ಎಮ್ಮೆಗೂ ಅವನು ಜಾಗ ಬಿಡಲಿಲ್ಲ.

ಹಿತ್ತಲ ಬಚ್ಚಲಿನಲ್ಲಿ ಕಲ್ಲಿನ ಮೇಲೆ ಕೂತು, ಈಗ ಎಷ್ಟು ಬೇಕಾದರೂ ಉಜ್ಜು ಎಂದ. ಕಾಳಮ್ಮ ಬಿಸಿನೀರು ಹುಯ್ದು ಎಡ ಭುಜ ಉಜ್ಜಿದಳು. ಎಣ್ಣೆ ಬೆರೆತ ಮಣ್ಣು ಬೇಗ ಬಿಡುವುದಿಲ್ಲ, ತೆಂಗಿನ ನಾರು ಹಿಡಿದು ತಿಕ್ಕಬೇಕು. ಅವನು ಕಣ್ಣು ಮುಚ್ಚಿಕೊಂಡು ಮಡಿಕೇರಿಯ ಅಖಾಡವನ್ನು ನೆನೆಯುತ್ತಿದ್ದ. ಅವಳ ಕೈ ಬಲ ಭುಜಕ್ಕೆ ಬಂತು. ಅಲ್ಲಿಯೂ ನೀರು ಹುಯ್ದಳು, ಸೀಗೆಪುಡಿ ಹಾಕಿದಳು, ನಾರು ಹಿಡಿದು ತಿಕ್ಕಿದಳು. ಎಡಗಡೆ ತಿಕ್ಕಿದಷ್ಟೇ ಹೊತ್ತು ತಿಕ್ಕಿದಳು. ಜವರಯ್ಯ ಕಣ್ಣು ಬಿಟ್ಟ.

"ಅಲ್ಲೇನು ತಿಕ್ತೀಯ?"

ಕೈ ನಿಂತಿತು.

"ಇಲ್ಲೂ ಐತೆ," ಎಂದಳು. "ಅಂಗಿ ಒಳಗೆಲ್ಲ ಬಳ್ಕಂಡೈತೆ. ಅದ್ರಿಂದ್ಲೇ ಹತ್ತಿರ್ಬೇಕು."

ಅವನು ಒದ್ದೆ ಕೈಯಲ್ಲೇ ಅಂಗಿ ಎತ್ತಿಕೊಂಡು ಒಳಗನ್ನು ಹೊರಗೆ ತಿರುಗಿಸಿ ನೋಡಿದ. ಎಡದಿಂದ ಬಲದವರೆಗೆ, ಬೆನ್ನಿನ ಉದ್ದಗಲಕ್ಕೂ ಕೆಂಪು. ಬೆವರು, ಗಂಟು, ಬಿಸಿಲಿನ ನಡಿಗೆ. ಜೋಪಾನ ಮಾಡಿದ್ದೇ ಕೆಡಿಸಿತ್ತು. ಆಗ ಅವನಿಗೆ ಎಲ್ಲ ತಿಳಿಯಿತು. ಎರಡೂ ಭುಜದ ಮಣ್ಣನ್ನು ಮೂವತ್ತು ಜನರ ಕಣ್ಣಿಗೆ ಹಿಡಿದು, ಎಷ್ಟು ಕಡೆ ಇದೆ ಹೇಳು ಎಂದು ತಾನು ಗರ್ಜಿಸಿದ್ದು. ಅವರು ಸುಮ್ಮನಾದದ್ದು. ಸಾಂತಪ್ಪನ ದನಿ ಅಷ್ಟು ಮೆತ್ತಗಿದ್ದದ್ದು. ಊರು ಅವನ ಹೆಸರನ್ನು ಹಿಂದಕ್ಕೆ ಕೊಟ್ಟಿರಲಿಲ್ಲ, ಬಾಗಿಲಿಗೆ ಬಂದವನಿಗೆ ಭಿಕ್ಷೆ ಹಾಕುವಂತೆ ಹಾಕಿತ್ತು.

ಒದ್ದೆ ಪಂಚೆಯಲ್ಲೇ, ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದ. ಕಾಳಮ್ಮ ಕೂಗಿದ್ದು ಕೇಳಿಸಲಿಲ್ಲ. ಹೋಟೆಲಿನಲ್ಲಿ ಜನ ಕರಗಿದ್ದರು. ಗುಮಾಸ್ತ ಮಡಿಕೇರಿಯ ಬಸ್ಸು ಹತ್ತಿಯಾಗಿತ್ತು. ಸಾಂತಪ್ಪ ಒಬ್ಬನೇ ಲೋಟ ತೊಳೆಯುತ್ತಿದ್ದ. ಜವರಯ್ಯ ಅಂಗಿಯನ್ನು ಬೆಂಚಿನ ಮೇಲೆ ಬಿಡಿಸಿ ಹಾಸಿ, ಇದು ಅಂಗಿಯಿಂದ ಆದದ್ದು, ಬಲ ಭುಜ ತಾಗಿರಲಿಲ್ಲ, ಕುಶಾಲಪ್ಪ ಅಂಗೈ ತೂರಿಸಿ ನೋಡಿದ್ದಾರೆ, ಅವರನ್ನೇ ಕೇಳು ಎಂದು ಏದುಸಿರಿನಲ್ಲಿ ಹೇಳಿದ. ಹೇಳುತ್ತ ಹೇಳುತ್ತ, ಇದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ತಾನೇ ನಂಬುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಸಾಂತಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕಾಯಿಲೆಯವರ ಮುಂದೆ ಕೂತವರು ತಲೆಯಾಡಿಸುವ ಹಾಗೆ. ಅಂಗಿಯ ಕಡೆ ಅವನು ನೋಡಲೇ ಇಲ್ಲ.

"ಯಾಕಣ್ಣ ಸುಮ್ಕಿದ್ದೀಯ?" ಎಂದ ಜವರಯ್ಯ. "ಬೈಯಿ. ನೆನ್ನೆ ಬೈದಂಗೆ ಬೈಯಣ್ಣ. ಸುಳ್ಳ ಅನ್ನು, ಬಿದ್ದೆ ಅನ್ನು."

"ಬುಡ್ಲಾ ಜವರ. ಒಂದೇ ಕಡೆ ಇತ್ತು, ನಾನೇ ನೋಡ್ದ್ನಲ್ಲ," ಎಂದ ಸಾಂತಪ್ಪ. "ಮೈ ಒದ್ದೆಯಾಗೈತೆ, ಒಳಿಕ್ಕೆ ಬಂದು ಕುತ್ಕ. ಕಾಪಿ ಕುಡಿ."

ಹೆಗಲ ಮೇಲಿನ ಟವೆಲನ್ನು ತೆಗೆದು ಜವರಯ್ಯನ ಬೆನ್ನಿಗೆ ಹೊದಿಸಿದ. ಲೋಟಕ್ಕೆ ಕಾಫಿ ಬಗ್ಗಿಸಿ, ಕೇಳದೆಯೇ ಇನ್ನೊಂದು ಚಮಚ ಬೆಲ್ಲದ ಪುಡಿ ಹಾಕಿ ಕಲಕಿ, ಅವನ ಮುಂದೆ ಇಟ್ಟ. ಜವರಯ್ಯ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು, ತಲೆ ಬಗ್ಗಿಸಿ ಅದನ್ನು ಕುಡಿದ.