ದಿಂಬಿನ ಗವಸು ಒಣಗುವ ತನಕ

ನಾನು ಮೊದಲ ಸಲ ಸಮುದ್ರ ನೋಡಿದ್ದು ಒಂಬತ್ತನೇ ವಯಸ್ಸಿನಲ್ಲಿ, ಅಮ್ಮನ ಜೊತೆ. ಅಮ್ಮ ನೋಡಿದ್ದೂ ಅದೇ ಮೊದಲು. ಬಸ್ಸು ಕೊನೆಯ ತಿರುವು ದಾಟಿದ್ದೇ ತಡ, ಎದುರಿಗೆ ನೀಲಿ ಹರಡಿಕೊಂಡಿತ್ತು. ನಾನು ಅಮ್ಮನ ತೋಳು ಜಗ್ಗಿದೆ. ಅಮ್ಮ ಕಿಟಕಿಯಾಚೆ ಬಗ್ಗಿ ನೋಡಿ, "ಅಬ್ಬಾ, ಇಷ್ಟು ನೀರಿಗೆ ಎಷ್ಟು ಸೋಪು ಬೇಕೋ!" ಅಂದಳು.

ಅಮ್ಮನ ಕೆಲಸವೇ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು. ಅಪ್ಪನ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿರುವಾಗಲೇ ಹೋದನಂತೆ. ಅಂದಿನಿಂದ ನಾವು ದೊಡ್ಡಮ್ಮನ ಲಾಂಡ್ರಿಯಲ್ಲಿದ್ದೆವು. ಇದ್ದೆವು ಅಂದರೆ, ಹಗಲು ಅಮ್ಮ ಇಸ್ತ್ರಿ ಮೇಜಿನ ಮುಂದೆ ನಿಂತಿರುತ್ತಿದ್ದಳು, ರಾತ್ರಿ ಇಬ್ಬರೂ ಅದೇ ಮೇಜಿನ ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದೆವು. ಕಿಟಕಿ ಇಲ್ಲದ ಕೋಣೆ. ಇದ್ದಿಲ ಕಾವು, ಗಂಜಿಯ ವಾಸನೆ, ಸುತ್ತಲೂ ಮಂದಿಯ ಬಟ್ಟೆಯ ಗಂಟುಗಳು. ದೊಡ್ಡಮ್ಮ ಕೆಟ್ಟವಳಲ್ಲ. ಆದರೆ ಎಲುಬಿಲ್ಲದ ನಾಲಿಗೆ ನೋಡಿ, "ಮೇಜಿನ ಕೆಳಗಿನ ಸಂಸಾರಕ್ಕೆ ಬೆಳಗಾಯ್ತಾ?" ಅಂತಲೇ ದಿನಾ ಎಬ್ಬಿಸುವಳು. ಅಮ್ಮ ನಕ್ಕುಬಿಡುವಳು. ನನಗೆ ನಗು ಬರುತ್ತಿರಲಿಲ್ಲ.

ಹೀಗಿರುವಾಗ ಆ ಸಮುದ್ರದೂರಿನ ಲಾಡ್ಜಿನ ಯಜಮಾನಿಯಿಂದ ಒಂದು ಕಾಗದ ಬಂತು. ಆಕೆ ಹಿಂದೊಮ್ಮೆ ನಮ್ಮೂರಿಗೆ ಬಂದಿದ್ದಾಗ ಅಮ್ಮ ಇಸ್ತ್ರಿ ಮಾಡಿಕೊಟ್ಟ ಬಟ್ಟೆಯನ್ನು ಮರೆತಿರಲಿಲ್ಲ. ಹನ್ನೆರಡು ಕೋಣೆಯ ಲಾಡ್ಜು, ಚಾದರ, ಗವಸು, ಟವೆಲು ನೋಡಿಕೊಳ್ಳಲು ಒಬ್ಬರು ಬೇಕು, ಇರುವುದಕ್ಕೆ ಮಹಡಿಯ ಮೇಲೆ ಒಂದು ರೂಮು ಕೊಡುತ್ತೇನೆ, ಬಂದು ನೋಡಿ ಹೋಗಿ, ಅಂತ ಬರೆದಿದ್ದರು.

"ಹೋಗಿ ಬಾ" ಅಂದಳು ದೊಡ್ಡಮ್ಮ. "ಮಗೂಗೂ ಒಂದು ದಿನ ತಿರುಗಾಡಿದ ಹಾಗಾಯ್ತು. ಆದ್ರೆ ಸಮುದ್ರದ ಪಕ್ಕ ಬಟ್ಟೆ ಒಣಗುತ್ತಾ ಅಂತ ಮೊದ್ಲು ನೋಡು. ಒಣಗದ ಬಟ್ಟೆ, ಮುಗಿಯದ ಜಗಳ, ಎರಡನ್ನೂ ಕಟ್ಟಿಕೊಳ್ಳಬಾರದು."

ಅದಕ್ಕೇ ಅಮ್ಮ ಬುತ್ತಿಯ ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆಗಳ ಜೊತೆಗೆ ಒಂದು ಬಿಳಿ ದಿಂಬಿನ ಗವಸು, ಅರ್ಧ ಸೋಪು ಇಟ್ಟುಕೊಂಡು ಹೊರಟಿದ್ದು.

ಯಜಮಾನಿ ದಪ್ಪಗೆ, ನಗುನಗುತ್ತಾ ಇದ್ದರು. ಏದುಸಿರು ಬಿಡುತ್ತಲೇ ಮೆಟ್ಟಿಲು ಹತ್ತಿ ರೂಮು ತೋರಿಸಿದರು. ಬಾಗಿಲು ತೆಗೆದರೆ ಎದುರಿನ ಗೋಡೆಯ ತುಂಬಾ ಕಿಟಕಿ, ಕಿಟಕಿಯ ತುಂಬಾ ಸಮುದ್ರ. ಹಿಂದಿನ ಗೋಡೆಗೂ ಒಂದು ಕಿಟಕಿ. ನಾನು ಓಡಿಹೋಗಿ ಕಿಟಕಿಯ ಕಂಬಿ ಹಿಡಿದು ನಿಂತೆ. ದೂರದಲ್ಲಿ ಒಂದೇ ಒಂದು ದೋಣಿ, ಅಕ್ಕಿಕಾಳಿನಷ್ಟು. ತಲೆದಿಂಬು ಎಲ್ಲಿಡಬೇಕು ಅನ್ನುವುದನ್ನೂ ನಾನು ಆಗಲೇ ಗೊತ್ತುಮಾಡಿಬಿಟ್ಟೆ.

"ಹೇಗಿದೆ ಪುಟ್ಟಿ?" ಅಂದರು ಯಜಮಾನಿ.

"ನಾನು ಈ ಕಡೆ ಮಲಗ್ತೀನಿ, ಅಮ್ಮ ಆ ಕಡೆ."

"ನೋಡಮ್ಮ, ನಿನ್ನ ಮಗಳು ಆಗ್ಲೇ ಮನೆ ಹೂಡಿದ್ಲು!"

ಅಮ್ಮ ಚೀಲ ಎತ್ತಿಕೊಂಡಳು. ಕೆಳಗಿಳಿದು ಹಿತ್ತಿಲ ನಲ್ಲಿಯಲ್ಲಿ ಗವಸು ನೆನೆಸಿ ಸೋಪು ತಿಕ್ಕಿದಳು. ನೊರೆ ಚೆನ್ನಾಗಿ ಬಂತು. "ನೀರು ಪರವಾಗಿಲ್ಲ. ಇನ್ನು ಗಾಳಿ ಒಂದು ನೋಡ್ಬೇಕು. ಇದು ಒಣಗಿದ ಮೇಲೆ ನನ್ನ ಮಾತು ಹೇಳ್ತೀನಿ ತಾಯಿ."

"ಅಯ್ಯೋ, ಮಗಳಿಗೆ ಗಂಡು ಹುಡುಕೋರೂ ಇಷ್ಟು ಪರೀಕ್ಷೆ ಮಾಡಲ್ಲ ಕಣಮ್ಮ!"

"ಗಂಡ ಒಣಗಬೇಕಾಗಿಲ್ವಲ್ಲ" ಅಂದಳು ಅಮ್ಮ. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿತ್ತಿಲು ದಾಟಿದರೆ ಮರಳು. ಅಲ್ಲಿ ಎರಡು ಕಂಬಕ್ಕೆ ಕಟ್ಟಿದ ಹಗ್ಗಕ್ಕೆ ಅಮ್ಮ ಗವಸನ್ನು ಹಾಕಿ, ಸಿಕ್ಕಿದ ಒಂದೇ ಕ್ಲಿಪ್ಪನ್ನು ಸಿಕ್ಕಿಸಿದಳು. ಆಮೇಲೆ ನಮಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಏನೂ ಕೆಲಸವಿಲ್ಲದ ಅಮ್ಮನನ್ನು ನಾನು ಅಲ್ಲಿಯತನಕ ಕಂಡವಳಲ್ಲ. ಅವಳಿಗೂ ಅದು ಹೊಸದು. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟಳು, ಕಟ್ಟಿಕೊಂಡಳು, ಕೊನೆಗೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಇಬ್ಬರೂ ಕೈಹಿಡಿದು ಪಾದ ನೆನೆಯುವಷ್ಟು ನೀರಿಗಿಳಿದೆವು. ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಅಮ್ಮ ಚಿಕ್ಕ ಹುಡುಗಿಯ ಹಾಗೆ ಕಿರುಚಿಕೊಂಡು ನನ್ನನ್ನೇ ಹಿಡಿದುಕೊಂಡಳು. ಮೊಟ್ಟೆ ಸುಲಿದು ತಿಂದೆವು. ಚೂರುಪಾರು ಮರಳೂ ಹೊಟ್ಟೆ ಸೇರಿತು.

ಉಂಡ ಮೇಲೆ ಅಮ್ಮ ಗೋಡೆಯ ನೆರಳಿನಲ್ಲಿ ಕಾಲು ಚಾಚಿದಳು. "ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡ್ತೀನಿ. ಗವ್ಸಿನ ಮೇಲೆ ಕಣ್ಣಿರಲಿ. ನೀರಿನ ಹತ್ರ ಒಬ್ಳೇ ಹೋದ್ಯೋ, ಕಾಲು ಮುರೀತೀನಿ." ಹೇಳಿ ಮುಗಿಸುವಷ್ಟರಲ್ಲಿ ನಿದ್ದೆ. ಅಮ್ಮ ಹಗಲು ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಬೆರಳ ತುದಿಗಳು ಬಿಸಿಲಲ್ಲೂ ಸುಕ್ಕುಸುಕ್ಕಾಗಿಯೇ ಇದ್ದವು.

ನಾನು ಗವಸನ್ನೇ ನೋಡುತ್ತಾ ಕೂತೆ. ಬೇಗ ಒಣಗು, ಬೇಗ ಒಣಗು ಅಂತ ಅದಕ್ಕೆ ಹೇಳಿದೆ. ಅಷ್ಟರಲ್ಲಿ ಒಂದು ಗಾಳಿ ಬೀಸಿ, ಕ್ಲಿಪ್ಪು ಎತ್ತಲೋ ಹಾರಿ, ಗವಸು ಮರಳಿನ ಮೇಲೆ ಉರುಳಾಡಿತು. ಎತ್ತಿ ಕೊಡವಿದೆ. ಇನ್ನೂ ಹಸಿಯಿದ್ದ ಅಂಚಿಗೆಲ್ಲ ಮರಳು ಮೆತ್ತಿಕೊಂಡಿತ್ತು. ಅಮ್ಮ ಎದ್ದು ಇದನ್ನು ನೋಡಿದರೆ? ನಲ್ಲಿಗೆ ಹೋಗೋಣವೆಂದರೆ ಅಲ್ಲಿ ಯಜಮಾನಿ ಪಾತ್ರೆ ತೊಳೆಸುತ್ತಾ ನಿಂತಿದ್ದರು. ಎದುರಿಗೆ ನೋಡಿದರೆ ಬೇಕಾದಷ್ಟು ನೀರು. ನೀರು ಅಂದರೆ ನೀರೇ ತಾನೆ? ಲಂಗ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲವರೆಗೆ ಇಳಿದು, ಅಮ್ಮ ಮಾಡುವ ಹಾಗೆಯೇ ನಾಲ್ಕು ಸಲ ಜಾಲಾಡಿ, ಹಿಂಡಿ, ಕೊಡವಿ, ಹಗ್ಗಕ್ಕೆ ಎರಡು ಸುತ್ತು ಸುತ್ತಿ ಹಾಕಿದೆ. ಅಮ್ಮ ಎಚ್ಚರವಾಗುವ ಹೊತ್ತಿಗೆ ನನ್ನ ಕಾಲೂ ಒಣಗಿತ್ತು. ಗೆದ್ದೆ ಅಂದುಕೊಂಡೆ.

ಮೂರೂವರೆಗೆ ಅಮ್ಮ ಗವಸನ್ನು ತೆಗೆದು ಮೇಲ್ತುಟಿಗೆ ಒತ್ತಿಕೊಂಡಳು. ನಮ್ಮ ಕೆಲಸದಲ್ಲಿ ಬಟ್ಟೆ ಒಣಗಿದೆಯೋ ಇಲ್ಲವೋ ಅಂತ ಕೈಯಿಂದ ನೋಡುವುದಿಲ್ಲ. ದಿನವಿಡೀ ನೀರಲ್ಲಿದ್ದ ಕೈಗೆ ಏನು ತಿಳಿದೀತು? ತುಟಿಗೆ ಒತ್ತಬೇಕು. ತಂಪು ಎಲ್ಲಿ ಅಡಗಿದ್ದರೂ ತುಟಿ ಹಿಡಿದುಬಿಡುತ್ತದೆ. ಅಮ್ಮ ಒತ್ತಿದಳು, ತಿರುಗಿಸಿ ಮತ್ತೆ ಒತ್ತಿದಳು. ನಾಲಿಗೆಯಿಂದ ತುಟಿ ಸವರಿಕೊಂಡಳು. ಮುಖ ಇಳಿಯಿತು.

"ಆಗಲ್ಲ ತಾಯಿ" ಅಂದಳು ಯಜಮಾನಿಗೆ. "ತಪ್ಪು ತಿಳ್ಕೋಬೇಡಿ."

ಬಸ್ಸಿನ ನಿಲ್ದಾಣಕ್ಕೆ ನಡೆಯುವಾಗ ನಾನು ಮತ್ತೆ ಮತ್ತೆ ಹಿಂತಿರುಗಿ ಆ ಮಹಡಿಯನ್ನೇ ನೋಡಿದೆ. ಅಮ್ಮನೇ ಹೇಳಿದಳು: "ಇಡೀ ದಿನ ಬಿಸಿಲಿಗಿದ್ರೂ ಒಣಗಿಲ್ಲ ಮಗಾ. ಬಾಯಿಗೆ ಉಪ್ಪುಪ್ಪು ಹತ್ತುತ್ತೆ. ಗಾಳೀಲೇ ಇಷ್ಟು ಉಪ್ಪಿದ್ರೆ ಹನ್ನೆರಡು ರೂಮಿನ ಚಾದರ ಎಲ್ಲಿ ಒಣಗಿಸ್ಲಿ? ಉಪ್ಪು ಕೂತ ಬಟ್ಟೆ ತೇವ ಬಿಡೋದೇ ಇಲ್ಲ."

ಆಗ ನನಗೆ ತಿಳಿಯಿತು. ಉಪ್ಪು ಗಾಳಿಯದಲ್ಲ, ನನ್ನದು. ಹೇಳಿದರೆ ನೀರಿಗಿಳಿದ ವಿಷಯ ಹೊರಬೀಳುತ್ತದೆ. ಹೇಳದಿದ್ದರೆ ಮತ್ತೆ ಮೇಜಿನ ಕೆಳಗೆ. ಬಸ್ಸು ಬಂದೇಬಿಟ್ಟಿತು. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಅಮ್ಮ, ನಾನು ಅದನ್ನ ಸಮುದ್ರದಲ್ಲಿ ಜಾಲಾಡಿದೆ."

"ಏನನ್ನ?"

"ಗವ್ಸನ್ನ. ಮರಳಾಗಿತ್ತು. ನೀನು ಮಲಗಿದ್ದೆ."

ಅಮ್ಮ ಹಾಗೇ ನಿಂತಳು. ಕಂಡಕ್ಟರು ಬಗ್ಗಿ ನೋಡಿದ. "ಹತ್ತೋದಾ, ಇಳಿಯೋದಾ? ಮೆಟ್ಟಿಲ ಮೇಲೆ ಸಂಸಾರ ಹೂಡಬೇಡಿ ತಾಯಿ."

"ಮುಂದಿನ ಬಸ್ಸು ಎಷ್ಟೊತ್ತಿಗಣ್ಣ?"

"ಆರೂವರೆಗೆ. ಅದೇ ಕೊನೇದು."

ಅಮ್ಮ ಇಳಿದಳು. ಬಸ್ಸು ಹೋಯಿತು. ನನ್ನ ಕಿವಿ ಹಿಡಿದು, "ಎಲ್ಲೀವರೆಗೆ ಇಳಿದಿದ್ದೆ?" ಅಂದಳು.

"ಮೊಣಕಾಲು."

"ನಿಜ ಹೇಳು."

"ಅಲೆ ಬಂದಾಗ ತೊಡೆ."

ಕಿವಿ ಚೆನ್ನಾಗಿಯೇ ಉರಿಯಿತು. ಆಮೇಲೆ ಅಮ್ಮನಿಗೆ ತಡೆಯಲಾರದ ನಗು ಬಂತು. ನಿಲ್ದಾಣದ ಕಟ್ಟೆಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. "ಒಗೆಯೋರ ಮನೇಲಿ ಹುಟ್ಟಿ ಉಪ್ಪುನೀರಲ್ಲಿ ಬಟ್ಟೆ ಜಾಲಾಡಿದ್ಯಲ್ಲೇ! ನಿನ್ನ ಮದುವೆ ಹೊತ್ತಿಗೂ ಒಣಗ್ತಿರಲಿಲ್ಲ ಅದು. ದೊಡ್ಡಮ್ಮಂಗೆ ಹೇಳಿಬಿಟ್ಟೀಯ, ಇಬ್ಬರ ಮಾನವೂ ಹೋಗುತ್ತೆ."

ಲಾಡ್ಜಿಗೆ ವಾಪಸು ಬಂದೆವು. ಅಮ್ಮ ಗವಸನ್ನು ಸಿಹಿನೀರಿನಲ್ಲಿ ಮೂರು ಸಲ ಹಿಂಡಿ, ಮತ್ತೆ ಹಗ್ಗಕ್ಕೆ ಹಾಕಿದಳು. "ಇಳಿಬಿಸಿಲು. ಎರಡು ಗಂಟೇಲಿ ಪೂರ್ತಿ ಒಣಗಲ್ಲ, ಗೊತ್ತು. ಎಷ್ಟು ಒಣಗುತ್ತೋ ನೋಡೋಣ" ಅಂದಳು. ಈ ಸಲ ಮಲಗಲಿಲ್ಲ. ನಾವಿಬ್ಬರೂ ಗೋಡೆಯ ಮೇಲೆ ಕೂತು ಕಾಲಾಡಿಸಿದೆವು. ಅಮ್ಮ ತನ್ನ ಚಿಕ್ಕಂದಿನ ಕಥೆ ಹೇಳಿದಳು. ದೊಡ್ಡಮ್ಮನೂ ಅವಳೂ ಒಂದೇ ಲಂಗವನ್ನು ದಿನ ಬಿಟ್ಟು ದಿನ ಉಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರಂತೆ, ಅದಕ್ಕೇ ಇಬ್ಬರ ವಿದ್ಯೆಯೂ ಅರ್ಧರ್ಧವಂತೆ. ಕೆಲಸದ ನಡುವೆ ಅವಳು ಹೇಳದಿದ್ದ ಎಷ್ಟೋ ಸಂಗತಿ ಆ ಸಂಜೆ ಹೇಳಿದಳು. ಇಷ್ಟು ವರ್ಷವಾದರೂ ಅದರಲ್ಲಿ ಒಂದನ್ನೂ ನಾನು ಮರೆತಿಲ್ಲ.

ಆರು ಗಂಟೆಗೆ ಅಮ್ಮ ಗವಸನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ನೀನು ನೋಡು."

ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ತುಟಿಗೆ ಒತ್ತಿಕೊಂಡೆ. ನಡುವೆ ಬೆಚ್ಚಗೆ ಗರಿಗರಿಯಾಗಿತ್ತು. ಹೊಲಿಗೆಯ ಉದ್ದಕ್ಕೂ ತಂಪು. ಮಹಡಿಯ ಕಿಟಕಿಯ ಕಡೆ ಒಮ್ಮೆ ನೋಡಿದೆ. ಒಣಗಿದೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಹೊಲಿಗೆ ಹತ್ರ ತಂಪಿದೆ" ಅಂದೆ.

ಅಮ್ಮನೂ ಒತ್ತಿ ನೋಡಿದಳು. "ಹೂಂ. ಸರಿಯಾಗಿ ಹೇಳಿದೆ." ಒಂದು ಗಳಿಗೆ ಮಹಡಿಯನ್ನೂ ಹಗ್ಗವನ್ನೂ ನೋಡುತ್ತಾ ನಿಂತಳು. ಆಮೇಲೆ ಸೀದಾ ಯಜಮಾನಿಯ ಹತ್ತಿರ ಹೋದಳು.

"ಬರ್ತೀನಿ ತಾಯಿ. ಆದ್ರೆ ಹೊರಗೆ ಮುಕ್ಕಾಲು ಒಣಗಿದ್ದನ್ನ ಒಳಗೆ ಉಳಿದ ಕಾಲು ಭಾಗ ಒಣಗಿಸ್ಬೇಕು. ಗಾಳಿ ಆಡೋಕೆ ಎರಡೂ ಕಡೆ ಕಿಟಕಿ ಇರೋದು ಮಹಡಿ ರೂಮಿಗೊಂದಕ್ಕೇ. ಅಲ್ಲಿ ಹಗ್ಗ ಕಟ್ಟಿಸಿಕೊಡಿ. ನಮಗೆ ಕೆಳಗಿನ ಉಗ್ರಾಣ ಸಾಕು."

"ಉಗ್ರಾಣಕ್ಕೆ ಇರೋದು ಅಂಗೈಯಗಲದ ಕಿಟಕಿ ಕಣಮ್ಮ. ಅದೂ ಸೌದೆ ರಾಶಿ ಕಡೆಗೆ."

"ಇದೆಯಲ್ಲ, ಸಾಕು" ಅಂದಳು ಅಮ್ಮ.

ಕೊನೆಯ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಊರು ಸಿಕ್ಕಿತು, ಸಮುದ್ರ ನೋಡುವ ಭಾಗ್ಯ ಮಾತ್ರ ಚಾದರಗಳ ಪಾಲಾಯಿತು. ತುಂಬಾ ಹೊತ್ತಾದ ಮೇಲೆ ಕೇಳಿದೆ:

"ನಾನು ಒಣಗಿದೆ ಅಂತ ಹೇಳಿದ್ರೆ ಆ ರೂಮು ನಮ್ಮದಾಗ್ತಿತ್ತಾ?"

"ಇಲ್ಲ. ನಾನೂ ಒತ್ತಿ ನೋಡಿದ್ನಲ್ಲ. ಸಮುದ್ರದಲ್ಲಿ ಬಟ್ಟೆ ಜಾಲಾಡೋಳ ತುಟಿ ನಂಬ್ಕೊಂಡು ಬದುಕೋಕೆ ನಂಗೇನು ಹುಚ್ಚಾ?"

"ಮತ್ತೆ ನಾನು ಸಮುದ್ರ ನೋಡೋದು ಯಾವಾಗ?"

"ಹಗ್ಗಕ್ಕೆ ಚಾದರ ಹಾಕೋಕೆ ಒಬ್ಬಳಿಂದ ಆಗುತ್ತಾ? ಆ ತುದಿ ನೀನು ಹಿಡೀಬೇಕು. ಕಿಟಕಿ ಕಡೆ ನಿಂತ್ಕೋ."

ಯೋಚಿಸಿ ನೋಡಿದೆ. ಹನ್ನೆರಡು ರೂಮು, ರೂಮಿಗೆ ಎರಡು ಚಾದರ. ಮುಖದ ಊತ ಸ್ವಲ್ಪ ಇಳಿಯಿತು. ಆದರೂ ಅಮ್ಮನಿಗೆ ಗೊತ್ತಾಗದಿರಲಿ ಎಂದು, ಊರು ಬರುವ ತನಕ ಹಾಗೇ ಊದಿಸಿಕೊಂಡೇ ಕೂತಿದ್ದೆ.