ಗಾಯವಿಲ್ಲದ ಅಳಿಲು

ಅಯ್ಯನಾರ್ ಅಳಿಲನ್ನು ಹೆಗಲಿಂದ ಇಳಿಸಿ ಅಂಗಳದ ಕಲ್ಲಿನ ಮೇಲೆ ಎಸೆದಾಗ ಮೊದಲು ಮೈ ಬಿತ್ತು, ಆಮೇಲೆ ಬಾಲ. ಬೆಕ್ಕಿಗಿಂತ ದೊಡ್ಡ ಬೆಟ್ಟದಳಿಲು. ಬೂದಿ ಬಣ್ಣದ ಬೆನ್ನು, ಮೈಯಷ್ಟೇ ಉದ್ದದ ನರೆತ ಬಾಲ.

"ಕವಣೆ ಕಲ್ಲು, ಒಂದೇ ಏಟು," ಎಂದ. "ಬೂರುಗದ ತುದೀಲಿ ಕೂತಿತ್ತವ್ವಾ. ದೊಪ್ಪಂತ ಬಿತ್ತು."

"ನನ್ನ ರಾಸಾ!" ತಾಯಿ ಕಾಮಾಕ್ಷಿಯಮ್ಮಾಳ್ ಎದ್ದು ಬಂದಳು. "ಇನ್ನು ನನ್ನ ಪಾಂಡಿ ಬದುಕ್ಕಂಡ."

ಪಾಂಡಿ ಅಯ್ಯನಾರನ ಒಬ್ಬನೇ ಮಗ, ತಾಯಿಯಿಲ್ಲದ ಕೂಸು. ನಾಯಿಕೆಮ್ಮು ಹಿಡಿದು ಮುಖ ನೀಲಿಗಟ್ಟುವ ತನಕ ಕೆಮ್ಮುತ್ತಿದ್ದ. ಕಂಬಂ ಕಣಿವೆಯ ಗೂಡಲೂರಿನಾಚೆ ಮಲೆಯ ಬುಡದ ಆ ಮನೆಗಳಲ್ಲಿ ನಾಯಿಕೆಮ್ಮಿಗೆ ಬೆಟ್ಟದಳಿಲಿನ ಸಾರೇ ಔಷಧಿ. ಕಂಬಂ ಆಸ್ಪತ್ರೆಯ ಮಾತು ಬಂದಾಗಲೆಲ್ಲ, ಸಾರು ಕುಡಿಸಿ ನೋಡೋಣ ಎನ್ನುತ್ತಿದ್ದರು.

ಅಳಿಲನ್ನು ಸುಲಿಯುವ ಕೆಲಸ ಕಿರಿಸೊಸೆ ದೈವಾನೈಗೆ ಬಂತು. ಅವಳ ಗಂಡ ಕುಮುಳಿಯಾಚೆ ಏಲಕ್ಕಿ ತೋಟದಲ್ಲಿದ್ದ. ಗಂಡನ ಅಣ್ಣನೆದುರು ಹೆಂಗಸು ನಿಲ್ಲಬಾರದು, ಬಾಯಿ ಬಿಡಬಾರದು ಎಂಬುದು ಅವರ ಕುಲದ ಕಟ್ಟು. ಮದುವೆಯಾಗಿ ಬಂದಾಗಿನಿಂದ ಬಾವನ ಮುಖವನ್ನು ಅವಳು ಕದದ ಸಂದಿಯಿಂದಷ್ಟೇ ಕಂಡಿದ್ದಳು.

ಹಿತ್ತಿಲಲ್ಲಿ ತೊಗಲು ಬಿಡಿಸುತ್ತಿದ್ದವಳ ಕೈ ನಿಂತಿತು. ಕಲ್ಲು ತಾಗಿದ ಗುರುತು ಎಲ್ಲೂ ಇಲ್ಲ. ಮೂಳೆ ಮುರಿದಿಲ್ಲ, ರಕ್ತ ಕಟ್ಟಿಲ್ಲ. ಬಾಯಲ್ಲಿ ಒಣಗಿದ ನೊರೆ, ಬಾಳೆಹಣ್ಣಿನ ಚೂರು, ಹತ್ತಿ ಗಿಡಕ್ಕೆ ಹೊಡೆಯುವ ವಿಷದ ನಾತ. ಬೂರುಗದ ಎಳೆಗಾಯಿಗಳನ್ನು ಅಳಿಲುಗಳು ಕಚ್ಚಿ ಉದುರಿಸುತ್ತವೆಂದು ಪಕ್ಕದ ತೋಪಿನ ಕಾವಲುಗಾರ ಮರದ ಕವಲುಗಳಲ್ಲಿ ಬಾಳೆಹಣ್ಣು ಇಡುತ್ತಿದ್ದುದನ್ನು ಸೌದೆಗೆ ಹೋದಾಗ ಅವಳು ಕಂಡಿದ್ದಳು. ಬಾವ ಹೊಡೆದಿಲ್ಲ. ಸತ್ತು ಬಿದ್ದದ್ದನ್ನು ಎತ್ತಿ ತಂದಿದ್ದಾನೆ.

"ಅತ್ತೆ," ಒಲೆಯ ಬಳಿ ಪಿಸುಗುಟ್ಟಿದಳು, "ಇದು ವಿಷ ತಿಂದು ಸತ್ತದ್ದು. ಕೂಸಿಗೆ ಬ್ಯಾಡ."

"ಏನ್ ಬಾಯೇ ನಿಂದು! ಡೇ ಅಯ್ಯನಾರ್, ಅಣಿಲನ್ನ ನೀ ಹೊಡೀಲಿಲ್ವಂತೆ. ನಿನ್ನ ತಮ್ಮನ ಹೆಂಡ್ತಿ ಹೇಳ್ತಾಳೆ!"

ಜಗುಲಿಯಲ್ಲಿ ನೆರೆಯ ಗಂಡಸರು ಕೂತಿದ್ದರು. ಮುದುಕ ಪೆರುಮಾಳ್ ನಕ್ಕ. "ಏನಪ್ಪಾ, ಅಣಿಲು ತಾನೇ ಬಂದು ನಿನ್ನ ಮಡಿಲಿಗೆ ಬಿತ್ತಾ?"

"ಕಣ್ಣಾರೆ ಕಂಡು ಹೊಡೆದೆ, ಸತ್ಯವಾಗ್ಲೂ," ಅಯ್ಯನಾರ್ ಗದರಿದ.

ಮಾಂಸ ಬೆಂದಿತು. ಅತ್ತೆ ಸಾರನ್ನು ಲೋಟಕ್ಕೆ ಬಗ್ಗಿಸಿ ಆರಿಸಿ, ಜಗುಲಿಯಲ್ಲಿ ಮಲಗಿದ್ದ ಪಾಂಡಿಯ ತಲೆಯೆತ್ತಿದಳು. ದೈವಾನೈ ಹೊಸ್ತಿಲು ದಾಟಿ ಗಂಡಸರ ನಡುವೆ ಬಂದು ನಿಂತಳು. ಮೊದಲ ಸಲ ಬಾವನ ಮುಖವನ್ನು ನೆಟ್ಟಗೆ ನೋಡಿದಳು.

"ಕಲ್ಲು ಎಲ್ಲಿ ತಾಗಿತು ಬಾವ? ನಿಮ್ಮ ಕೂಸು ಅದು. ಹೇಳಿ."

ಅವನ ಬಾಯಿ ತೆರೆಯಿತು. ಗಂಡಸರತ್ತ ನೋಡಿದ. "ಒಳಗೆ ಹೋಗು," ಎಂದ.

ಅವಳು ಅತ್ತೆಯ ಕೈಯ ಲೋಟವನ್ನು ತಟ್ಟಿ ಬೀಳಿಸಿದಳು. ಒಲೆ ಮೇಲಿನ ಮಡಕೆಯನ್ನು ಬರಿಗೈಯಲ್ಲೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದಳು. "ಬಂಜೆ! ನನ್ನ ಮೊಮ್ಮಗನ್ನ ಕಂಡ್ರೆ ಹೊಟ್ಟೆಯುರಿ ನಿಂಗೆ!" ಎನ್ನುತ್ತ ಅತ್ತೆ ಸೌದೆಯಿಂದ ಹೊಡೆದಳು. ಅಯ್ಯನಾರ್ ತಡೆಯಲಿಲ್ಲ.

ಬೆಳಿಗ್ಗೆ ನೀರಿಗೆ ಹೊರಟ ದೈವಾನೈ ತಿಪ್ಪೆಯ ಬಳಿ ಬಾವನನ್ನು ಕಂಡಳು. ಕಾಲು ಮೇಲೆ ಮಾಡಿ ಸತ್ತಿದ್ದ ಕಾಗೆಗಳ ಮೇಲೆ ಗುದ್ದಲಿಯಿಂದ ಮಣ್ಣೆಳೆಯುತ್ತಿದ್ದ. ತಿರುಗಿ ನೋಡಿ ಬೆಚ್ಚಿದ.

"ಬಸ್ಸು ಇನ್ನೂ ಹೋಗಿಲ್ಲ ಬಾವ," ಎಂದಳು. "ಕೂಸನ್ನ ಕಂಬಂಗೆ ಕರಕೊಂಡು ಹೋಗಿ."

ಅವನು ಗುದ್ದಲಿ ಇಟ್ಟು ಒಳಗೆ ಹೋಗಿ ಕವಣೆ ತಂದ. ಇನ್ನೊಂದು ಅಳಿಲನ್ನು ಹೊಡೆದೇ ತರುತ್ತೇನೆಂದು ತಾಯಿಗೆ ಕೂಗಿ ಹೇಳಿ ಮಲೆ ಹತ್ತಿದ. ಬಸ್ಸು ರಸ್ತೆಯಲ್ಲಿ ಹಾರ್ನು ಹಾಕಿ ಹೋಯಿತು.

ನಡುಮಧ್ಯಾಹ್ನ ಪಾಂಡಿ ಕೆಮ್ಮಲು ತೊಡಗಿದವನು ಮತ್ತೆ ಉಸಿರೆಳೆದುಕೊಳ್ಳಲಿಲ್ಲ. ಸಂಜೆ ಅಯ್ಯನಾರ್ ಬರಿಗೈಯಲ್ಲಿ ಇಳಿದು ಬಂದ.

"ಕೈಯಲ್ಲಿದ್ದ ಮದ್ದನ್ನ ಚೆಲ್ಲಿದಳಲ್ಲಾ ಪಾಪಿ!" ಅತ್ತೆ ಎದೆ ಬಡಿದುಕೊಂಡಳು. ಬಂದ ಹೆಂಗಸರೆಲ್ಲ ದೈವಾನೈಯಿಂದ ದೂರ ಸರಿದು ಕೂತರು. ಇವಳನ್ನು ನಾಳೆಯೇ ಆಂಡಿಪಟ್ಟಿಗೆ, ತವರಿಗೆ ಅಟ್ಟಬೇಕೆಂದು ಮಾತಾಯಿತು.

ಪೆರುಮಾಳ್ ಅಯ್ಯನಾರನ ಭುಜ ಹಿಡಿದ. "ಅಳಬ್ಯಾಡಪ್ಪಾ. ಅಪ್ಪನಾಗಿ ನೀ ಮಾಡೋದೆಲ್ಲ ಮಾಡ್ದೆ."

ಅಯ್ಯನಾರ್ ತಲೆ ತಗ್ಗಿಸಿಯೇ ಹೌದೆಂದು ಆಡಿಸಿದ.